ಕಲ್ಲಿನಲ್ಲುಳಿದ ಹೆಸರು

ಹಾರನಹಳ್ಳಿಯ ಹೊಯ್ಸಳ ದೇಗುಲಗಳನ್ನು ಕಂಡು ಬೆರಗಾಗದವರು ವಿರಳ. ಆದರೆ ಆ ಊರ ಹೆಸರಿನಲ್ಲಿರುವ ‘ಹಳ್ಳಿ’ ಎಂಬ ಮಾತು ದೇಗುಲಗಳಿಗಿಂತಲೂ ಪುರಾತನವಾದುದು. ಹಿಂದೆ ಅದು ‘ಪಳ್ಳಿ’ ಎಂದಿತ್ತು. ಇಂತಹ ಮಾರ್ಪಾಡಿಗೆ ಸಾಕ್ಷಿಯಾದ ಕಲ್ಲೊಂದು ಅದೇ ಹಾಸನ ಜಿಲ್ಲೆಯಲ್ಲಿ, ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆಯಿತು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ನೆತ್ತಿಯಲ್ಲೊಂದು ಚಕ್ರ, ಕೆಳಗೆ ಅಕ್ಷರಗಳ ಸಾಲು. ಬೇರೆ ಅಲಂಕಾರವಿಲ್ಲ, ತೇದಿಯೂ ಇಲ್ಲ. ಲಿಪಿಯ ರೂಪವನ್ನು ಪರಿಶೀಲಿಸಿ ವಿದ್ವಾಂಸರು ಅದರ ಕಾಲವನ್ನು ಸುಮಾರು ಕ್ರಿ.ಶ. 450 ಎಂದು ಊಹಿಸಿದ್ದಾರೆ. ವಿಜ ಅರಸನೆಂಬ ವೀರನಿಗೆ ‘ಬಾಳ್ಗಳ್ಚು’, ಎಂದರೆ ಕಾಳಗದಲ್ಲಿ ನೆತ್ತರಾದ ಕತ್ತಿಯನ್ನು ತೊಳೆದು ಕೊಡುವ ಉಂಬಳಿಯಾಗಿ, ಎರಡು ಊರುಗಳನ್ನಿತ್ತ ಸಂಗತಿ ಅದರಲ್ಲಿದೆ. ಅವುಗಳಲ್ಲೊಂದರ ಹೆಸರು ‘ಪಲ್ಮಿಡಿ’! ಜನರ ನಾಲಗೆಯಲ್ಲಿ ಕಾಲಕ್ರಮೇಣ ಪಕಾರವು ಹಕಾರವಾಯಿತು; ಕಲ್ಲಿನ ಮೇಲೆ ಪಕಾರವೇ ಉಳಿಯಿತು.

ಸರಿಸುಮಾರು ಅದೇ ಕಾಲದಲ್ಲಿ ದೂರದ ಐರ್ಲೆಂಡಿನಲ್ಲಿಯೂ ಕಲ್ಲಿನ ಅಂಚಿನುದ್ದಕ್ಕೂ ಗೀಟುಗಳನ್ನು ಕೊರೆದು, ‘ಓಗಮ್’ ಲಿಪಿಯಲ್ಲಿ ಹೆಸರುಗಳನ್ನು ಬರೆಯುತ್ತಿದ್ದರು. ಆ ನಾಡಿನ ಮನೆತನಗಳ ಹೆಸರಿನ ಮೊದಲಿಗೆ ಇಂದು ಬರುವ ‘ಮ್ಯಾಕ್’ ಎಂಬುದು ಆ ಕಲ್ಲುಗಳಲ್ಲಿ ‘ಮಕ್ವಿ’ ಎಂದಿದೆ. ಮಗನ ಎಂದು ಅದರ ಅರ್ಥ. (ನಮ್ಮ ‘ಮಗ’ನಿಗೂ ಅದಕ್ಕೂ ನಂಟಿಲ್ಲ, ಧ್ವನಿಸಾಮ್ಯವಷ್ಟೆ.) ಅಂತಹ ಕಲ್ಲುಗಳಲ್ಲಿ ಹಲವು ಕಟ್ಟಡಗಳ ಗೋಡೆ ಸೇರಿದವು. ನಮ್ಮಲ್ಲಿಯೂ ಶಾಸನಗಳು ಮೆಟ್ಟಿಲುಗಳಾಗಿ, ಬಟ್ಟೆ ಒಗೆಯುವ ಕಲ್ಲುಗಳಾಗಿ ಸವೆದುದುಂಟು. ಹಲ್ಮಿಡಿಯ ಕಲ್ಲನ್ನು ಮೈಸೂರಿಗೆ ಸಾಗಿಸಿ ಕಾಪಾಡಲಾಯಿತು. ಊರಿನಲ್ಲಿ ನಿಲ್ಲಿಸಿರುವುದು ಅದರ ಪ್ರತಿಕೃತಿ.