ಮೊಣಕಾಲು ಗಟ್ಟಿಯಾದರೂ ಮನಸ್ಸು ಅಳುಕುವುದೇಕೆ?

ಪ್ರಶ್ನೆ: ಕಬಡ್ಡಿಯಲ್ಲಿ ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಗಿ ಹತ್ತು ತಿಂಗಳಾಯಿತು. ಕಾಲು ಸರಿಯಿದೆ ಎನ್ನುತ್ತಾರೆ ವೈದ್ಯರು. ಆದರೂ ಅಂಕಣಕ್ಕಿಳಿಯಲು ಭಯ. ಧ್ಯಾನದಿಂದ ಉಪಯೋಗವಿದೆಯೇ?

ಉತ್ತರ: ಇದೆ. ಈ ಭಯ ನಿಮ್ಮ ದೌರ್ಬಲ್ಯವಲ್ಲ. ಅಂದು ಮಂಡಿಯೊಳಗೆ ‘ಟಪ್’ ಎಂದದ್ದನ್ನು ಮಿದುಳು ಮರೆತಿಲ್ಲ. ಕಾಲು ತಿರುಗಿಸುವ ಮೊದಲೇ ಸ್ನಾಯುಗಳನ್ನು ಬಿಗಿಹಿಡಿಯುತ್ತದೆ. ಈ ಭಯ ಎಷ್ಟು ಸಾಮಾನ್ಯವೆಂದರೆ, ಆಟಕ್ಕೆ ಮರಳುವ ಮಾನಸಿಕ ಸಿದ್ಧತೆಯನ್ನು ಅಳೆಯಲೆಂದೇ 12 ಪ್ರಶ್ನೆಗಳ ‘ಎಸಿಎಲ್-ಆರ್‌ಎಸ್‌ಐ’ ಎಂಬ ಮಾಪಕವಿದೆ. ನಿಮ್ಮ ಫಿಸಿಯೊಥೆರಪಿಸ್ಟ್ ಬಳಿ ಕೇಳಿ.

ಧ್ಯಾನದ ಒಂದು ಬಗೆಯಾದ ಸಾವಧಾನದ (ಮೈಂಡ್‌ಫುಲ್‌ನೆಸ್) ಅಭ್ಯಾಸವನ್ನು 1979ರಲ್ಲಿ ಜಾನ್ ಕಬಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗೆ ಕಲಿಸತೊಡಗಿದರು. ಅದು ಹರಿದ ಅಸ್ಥಿರಜ್ಜುವನ್ನು ಬೆಸೆಯದು. ನೋವನ್ನೂ ಭಯವನ್ನೂ ಬೇರೆಬೇರೆಯಾಗಿ ಗುರುತಿಸಲು ಕಲಿಸುತ್ತದೆ.

ಹೀಗೆ ಅಭ್ಯಾಸ ಮಾಡಿ: ಗೋಡೆಗೆ ಬೆರಳು ತಾಗಿಸಿ, ಶಸ್ತ್ರಚಿಕಿತ್ಸೆಯಾದ ಕಾಲಲ್ಲೇ ನಿಲ್ಲಿ. ಅಂಗಾಲಿನ ಭಾರ, ಮಂಡಿಚಿಪ್ಪಿನ ಸುತ್ತಲಿನ ಬಿಗಿತ, ಉಸಿರಿನ ಏರಿಳಿತ ಗಮನಿಸಿ. ‘ಇದು ಬಿಗಿತ, ಇದು ಭಯ’ ಎಂದು ಮನದಲ್ಲೇ ಹೆಸರಿಡಿ. ಆಮೇಲೆ ಸಣ್ಣ ಜಿಗಿತ, ನಿಧಾನ ತಿರುವು, ಕೊನೆಗೆ ರೈಡ್. ವ್ಯಾಯಾಮ ಬಿಡಬೇಡಿ. ಮಂಡಿ ಊದಿದರೆ, ಜಾರಿದಂತಾದರೆ ಮಾತ್ರ ಧ್ಯಾನವಲ್ಲ, ವೈದ್ಯರೇ ಬೇಕು.