ಎಲ್ಲರ ಕೊಠಡಿ

'ಕಾಮನ್ ರೂಮ್' ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕು? ನಾನು ಶೆಟ್ಟಿಕೆರೆಯಿಂದ ಮೈಸೂರಿಗೆ ಹೋಗಿ ಎಂ.ಎ. ತರಗತಿಗೆ ಸೇರಿದ ವರ್ಷ, 1968ರಲ್ಲಿ, ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ಪ್ರಶ್ನೆ ಒಂದು ಸಂಜೆಯನ್ನೆಲ್ಲ ನುಂಗಿತು. ಸಂಸ್ಕೃತ ಬಲ್ಲ ಮಿತ್ರರೊಬ್ಬರು 'ವಿಶ್ರಾಂತಿ ಮಂದಿರ' ಎಂದರು. ವೃದ್ಧಾಶ್ರಮದ ಹೆಸರಿನಂತಿದೆಯೆಂದು ಅದನ್ನು ಕೈಬಿಟ್ಟೆವು. 'ಸಾಮಾನ್ಯ ಕೊಠಡಿ' ಎಂದರು ಇನ್ನೊಬ್ಬರು. ನಮ್ಮ ಕೊಠಡಿಯನ್ನು ಸಾಮಾನ್ಯವೆನ್ನಲು ನಮ್ಮ ಅಭಿಮಾನ ಒಪ್ಪಲಿಲ್ಲ. ಕೊನೆಗೆ, ಅದುವರೆಗೆ ಬಾಯಿಬಿಡದೆ ಕುಳಿತಿದ್ದ ತುರುವೇಕೆರೆಯ ಕಡೆಯ ಹುಡುಗನೊಬ್ಬ, "ಎಲ್ಲರ ಕೊಠಡಿ ಎಂದರೆ ಸಾಲದೆ?" ಎಂದ. ಆ ಹೆಸರೇ ನಿಂತಿತು. ಮಾರನೆಯ ದಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅದನ್ನು ಬರೆದೂ ಆಯಿತು.

ಈ ಏರ್ಪಾಟು ನಮಗೆ ಬಂದುದು ಇಂಗ್ಲೆಂಡಿನಿಂದ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು 1661ರಲ್ಲಿ ತಾವೆಲ್ಲ ಕೂಡಿ ಕುಳಿತುಕೊಳ್ಳಲು ಒಂದು ಕೊಠಡಿಯನ್ನು ಗೊತ್ತುಮಾಡಿಕೊಂಡರು. ಕಾಲಾಂತರದಲ್ಲಿ ಕಿರಿಯರೂ ತಮ್ಮದೊಂದು ಕೊಠಡಿಯನ್ನು ಪಡೆದರು. ಅಲ್ಲಿ 'ಕಿರಿಯರ ಕೊಠಡಿ' ಎಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲ. ಕಾಲೇಜಿನ ವಿದ್ಯಾರ್ಥಿಗಳ ಸಂಘಕ್ಕೂ ಅದೇ ಹೆಸರು. ಕೊಠಡಿ ಬೇರೆ, ಅದನ್ನು ನಡೆಸುವ ಜನ ಬೇರೆ ಎಂಬ ಭಾವನೆ ಆ ಹೆಸರಿನಲ್ಲೇ ಇಲ್ಲ.

ನಮ್ಮ ನಾಡಿನಲ್ಲಿ ಇದರ ಅಗತ್ಯ ಬೇರೊಂದು ಬಗೆಯದಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ ಹಳ್ಳಿಯ ಮಕ್ಕಳನ್ನು ಓದಿಸಬೇಕೆಂದು ಒಂದೊಂದು ಜನಾಂಗದವರೂ ಸಂಘ ಕಟ್ಟತೊಡಗಿದ್ದರು. ಒಕ್ಕಲಿಗರ ಸಂಘ ಹುಟ್ಟಿದುದು 1906ರಲ್ಲಿ. ಅಂಥ ಸಂಘಗಳು ತೆರೆದ ವಿದ್ಯಾರ್ಥಿನಿಲಯಗಳು ಇಲ್ಲದಿದ್ದರೆ ಎಷ್ಟೋ ಬಡ ಹುಡುಗರಿಗೆ ಓದು ದಕ್ಕುತ್ತಿರಲಿಲ್ಲ. ಆ ಉಪಕಾರವನ್ನು ಮರೆಯುವವನು ಕೃತಘ್ನ. ಆದರೆ ಅಲ್ಲಿ ಅನ್ನ ದೊರೆಯಿತು, ಅನ್ಯರ ಪರಿಚಯ ದೊರೆಯಲಿಲ್ಲ. ಎಲ್ಲ ಜಾತಿಯವರೂ ಇದ್ದ ನಮ್ಮ ನಿಲಯದಲ್ಲಿ ಸಹ ಮಲಗುವ ಕೋಣೆಯಲ್ಲಿ ತನ್ನ ಸೀಮೆಯವನನ್ನೇ ಜೊತೆಗಾರನನ್ನಾಗಿ ಆರಿಸಿಕೊಳ್ಳುವುದು ರೂಢಿಯಾಗಿತ್ತು. ಬೇರೆಯವನ ಭುಜಕ್ಕೆ ನಮ್ಮ ಭುಜ ತಗುಲಿದುದು ಒಂದೇ ಪತ್ರಿಕೆಯ ಹಾಳೆಗಳನ್ನು ನಾಲ್ವರು ಹಂಚಿಕೊಂಡು ಓದುವ ಆ ಎಲ್ಲರ ಕೊಠಡಿಯಲ್ಲಿ. ವಿದ್ಯಾರ್ಥಿಗಳೂ ಅಧ್ಯಾಪಕರೂ ಹೀಗೆ ಕೂಡಿ ಕುಳಿತಲ್ಲಿ ಏನು ಹುಟ್ಟಬಹುದೆಂಬುದಕ್ಕೆ ಒಂದು ನಿದರ್ಶನ ಸಾಕು: 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಹೊರಟುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ.

ಕೊಠಡಿಯ ಆಡಳಿತವೆಲ್ಲ ನಮ್ಮದೇ. ಕಾರ್ಯದರ್ಶಿ, ಖಜಾಂಚಿ, ಐವರ ಸಮಿತಿ, ವರ್ಷಕ್ಕೊಮ್ಮೆ ಚುನಾವಣೆ. ಚಂದಾ ವಸೂಲಿ ಮಾಡುವುದು, ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಮಾರಿ ಕೇರಂ ಹಲಗೆಗೆ ಪುಡಿ ತರುವುದು, ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ರೇಡಿಯೋ ಲೈಸೆನ್ಸು ಪಡೆಯುವುದು ಎಲ್ಲವೂ ನಮ್ಮ ಪಾಲಿನವು. 'ಕಸ್ತೂರಿ' ಇದ್ದೇ ಇದೆ, 'ಸುಧಾ'ವನ್ನೂ ತರಿಸಬೇಕೆ ಎಂಬ ವಿಷಯಕ್ಕೆ ರಾತ್ರಿ ಹನ್ನೊಂದರವರೆಗೆ ಚರ್ಚೆಯಾಗಿ ಮತಕ್ಕೆ ಬಿದ್ದುದುಂಟು. ವಾರ್ಡನ್ನರು ಲೆಕ್ಕದ ಪುಸ್ತಕಕ್ಕೆ ರುಜು ಹಾಕುತ್ತಿದ್ದರೇ ಹೊರತು ಒಳಗೆ ಕೈಹಾಕುತ್ತಿರಲಿಲ್ಲ. ಹಣವನ್ನು ಲೆಕ್ಕವಿಟ್ಟು ಖರ್ಚುಮಾಡುವುದನ್ನೂ ಸೋತ ಪಕ್ಷದವನ ಜೊತೆ ಮರುದಿನ ಕೇರಂ ಆಡುವುದನ್ನೂ ನಾನು ಕಲಿತುದು ಅಲ್ಲಿ. ಅಧಿಕಾರ ಮನುಷ್ಯನನ್ನು ಏನು ಮಾಡುತ್ತದೆಂಬುದನ್ನೂ ಅಲ್ಲಿಯೇ ಕಲಿತೆ.

ಎರಡನೆಯ ವರ್ಷ ನಾನೇ ಕಾರ್ಯದರ್ಶಿಯಾದೆ. ಹಿಂದಿನವರು ವಸೂಲಿಯಲ್ಲಿ ಸಡಿಲ ಬಿಟ್ಟಿದ್ದರೆಂದು ಒಂದು ನಿಯಮ ತಂದೆ: ಜುಲೈ 15ರೊಳಗೆ ಚಂದಾ ಕಟ್ಟದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು, ಕಟ್ಟುವವರೆಗೆ ಅವರಿಗೆ ಪ್ರವೇಶವಿಲ್ಲ. ನಿಯಮ ಸರ್ವಾನುಮತದಿಂದ ಅಂಗೀಕಾರವಾಯಿತು. ಹದಿನಾರನೆಯ ತಾರೀಖು ನಾನು ಬರೆದ ಮೂರು ಹೆಸರುಗಳಲ್ಲಿ ಒಂದು ತುರುವೇಕೆರೆಯ ಆ ಹುಡುಗನದು.

1969ರ ಜುಲೈ 21, ಸೋಮವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತಾರು ನಿಮಿಷಕ್ಕೆ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ನೆಲದ ಮೇಲೆ ಕಾಲಿಟ್ಟ. ನಮ್ಮ ಕೊಠಡಿಯಲ್ಲಿ ಉಸಿರಾಡಲು ಸ್ಥಳವಿರಲಿಲ್ಲ. ಮೇಜಿನ ಮೇಲೆ, ಕೇರಂ ಹಲಗೆಯ ಅಂಚಿನ ಮೇಲೆ, ಒಬ್ಬರ ಹೆಗಲ ಮೇಲೆ ಒಬ್ಬರು; ರೇಡಿಯೋದ ಗೊರಗೊರ ಸದ್ದಿನೊಳಗಿಂದ ಒಂದೊಂದೇ ಮಾತನ್ನು ಹೆಕ್ಕಿಕೊಳ್ಳುತ್ತಿದ್ದೆವು. ಆಗ ನನ್ನ ದೃಷ್ಟಿ ಕಿಟಕಿಯ ಕಡೆ ಹೊರಳಿತು. ಸರಳುಗಳ ಆಚೆ ಅವನು ನಿಂತಿದ್ದ. ಮುಖ ಕಾಣದಂತೆ ಕಿವಿಯನ್ನಷ್ಟೇ ಈ ಕಡೆ ತಿರುಗಿಸಿದ್ದ. "ಒಳಗೆ ಬಾ" ಎನ್ನಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಾನು ಕರೆಯಲಿಲ್ಲ. ನಿಯಮ ನನ್ನದಾಗಿತ್ತು.

ತೆಂಗಿನ ಸೀಮೆಯವನಾದ ನನಗೆ ಅವನ ಕಷ್ಟ ತಿಳಿಯದ್ದೇನಲ್ಲ. ನಮ್ಮ ಕಡೆ ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎಂದಾಗಲೇ ಅದು ಉಂಡೆ ಕೊಬ್ಬರಿ. ಆಮೇಲೆ ತಿಪಟೂರಿನ ಪೇಟೆಯಲ್ಲಿ ಧಾರಣೆ ಏರುವವರೆಗೆ ಮತ್ತೆ ಕಾಯಬೇಕು. ಮಗನ ಚಂದಾ, ಮಗಳ ಮದುವೆ, ಸೊಸೈಟಿಯ ಸಾಲ ಎಲ್ಲವೂ ಆ ಅಟ್ಟದ ಮೇಲೆಯೇ ಇರುತ್ತವೆ. ಒಂದು ಕಾಯಿಗಾಗಿ ವರ್ಷ ಕಾಯಬಲ್ಲ ಮನೆಯಲ್ಲಿ ಹುಟ್ಟಿದ ನಾನು ಒಬ್ಬ ಹುಡುಗನಿಗಾಗಿ ಒಂದು ತಿಂಗಳು ಕಾಯಲಾರದೆ ಹೋದೆ.

ಆಗಸ್ಟಿನಲ್ಲಿ ಅವನು ಬಂದು ಹಣ ಎಣಿಸಿಟ್ಟ. ರಸೀದಿ ಬರೆಯುತ್ತ, "ಅಂದು ನೀನು ಹೊರಗೆ ನಿಂತಿದ್ದೆಯಲ್ಲ" ಎಂದೆ. "ಕಿಟಕಿಯಿಂದಲೂ ಚೆನ್ನಾಗಿಯೇ ಕೇಳಿಸಿತು" ಎಂದ. ಅದರಲ್ಲಿ ಕೊಂಕಿರಲಿಲ್ಲ. ಮುಂದಿನ ಸಭೆಯಲ್ಲಿ ನಾನೇ ಆ ನಿಯಮವನ್ನು ರದ್ದುಮಾಡಿಸಿದೆ. ಅವನು ಪ್ರತಿದಿನವೂ ಕೊಠಡಿಗೆ ಬರುತ್ತಿದ್ದ. ಆದರೆ ಆ ವರ್ಷ ಮುಗಿಯುವವರೆಗೆ ಪತ್ರಿಕೆಯನ್ನು ನಿಂತುಕೊಂಡೇ ಓದಿದ. ಕುಳಿತುಕೋ ಎನ್ನುವ ಮುಖ ನನಗಿರಲಿಲ್ಲ.

ಈಗ ಕಾಲ ಬದಲಾಗಿದೆ. 2004ರಲ್ಲಿ ತುಮಕೂರಿಗೇ ವಿಶ್ವವಿದ್ಯಾನಿಲಯ ಬಂದಿತು. ನಮ್ಮ ಸೀಮೆಯ ಹುಡುಗ ಹುಡುಗಿಯರು ಎಂ.ಎ.ಗೆಂದು ಮೈಸೂರಿಗೇ ಹೋಗಬೇಕಾಗಿಲ್ಲ. ಪತ್ರಿಕೆ, ರೇಡಿಯೋ, ಆಟ ಎಲ್ಲವೂ ಅಂಗೈಯೊಳಗಿನ ಫೋನಿನಲ್ಲಿವೆ. ಇನ್ನು ಎಲ್ಲರ ಕೊಠಡಿ ಏಕೆ ಎಂದು ಕೇಳುವವರಿದ್ದಾರೆ. ಕಳೆದ ವರ್ಷ ಮೊಮ್ಮಗಳನ್ನು ನೋಡಲು ಒಂದು ವಿದ್ಯಾರ್ಥಿನಿಲಯಕ್ಕೆ ಹೋಗಿದ್ದೆ. ಅಲ್ಲಿಯೂ ಆ ಕೊಠಡಿ ಇತ್ತು. ದೊಡ್ಡ ಟೆಲಿವಿಷನ್, ಒಳ್ಳೆಯ ಕುರ್ಚಿಗಳು. ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಕಚೇರಿಯಲ್ಲಿ.

ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಆ ಬೀಗದ ಕೈಯನ್ನು ಕೇಳಿ ಪಡೆಯಿರಿ. ಚುನಾವಣೆ ಮಾಡಿ, ಜಗಳವಾಡಿ, ಲೆಕ್ಕ ತಪ್ಪಿ, ತಿದ್ದಿಕೊಳ್ಳಿ. ಅಷ್ಟು ಮಾಡದೆ ಕೊಠಡಿ ನಿಮ್ಮದಾಗುವುದಿಲ್ಲ. ಆದರೆ ಮೊದಲ ನಿಯಮವನ್ನು ಬರೆಯುವ ಮುನ್ನ ಒಮ್ಮೆ ಕಿಟಕಿಯ ಕಡೆ ನೋಡಿ.