ತೊಟ್ಟಿಯ ತಂಪು, ಹಂಡೆಯ ಬಿಸಿ

ಶಿವರಾತ್ರಿ ಕಳೆದು, ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಪಂಚ ಮಹಾರಥೋತ್ಸವ ಸಮೀಪಿಸಿ, ಕಪಿಲೆಯ ನೀರು ಇಳಿಯತೊಡಗುವ ಹೊತ್ತಿಗೆ, ಮನೆಗೆ ಸುಣ್ಣ ಬಳಿಯುವುದು ಈ ಸೀಮೆಯ ಗೃಹಸ್ಥರ ಹಳೆಯ ಪದ್ಧತಿ. ದೊಡ್ಡ ಜಾತ್ರೆಗೆ ಬರುವ ನಂಟರ ಕಣ್ಣಿಗೆ ಮನೆ ಚೆಂದ ಕಾಣಲೆಂಬ ಅಪೇಕ್ಷೆ ಅದರಲ್ಲಿ ಇದ್ದಿತಾದರೂ, ಬಿಳಿಯ ಗೋಡೆ ಬಿಸಿಲನ್ನು ಬಹುಮಟ್ಟಿಗೆ ಹಿಂದಿರುಗಿಸುವುದರಿಂದ, ಅಲಂಕಾರದ ಆ ಕಾರ್ಯವೇ ಬೇಸಗೆಯ ತಾಪಕ್ಕೂ ಪರಿಹಾರವಾಗಿ ಒದಗುತ್ತಿದ್ದಿತು.

ನಂಜನಗೂಡಿನ ಹಳೆಯ ಬೀದಿಗಳಲ್ಲಿಯೂ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದ ಸುತ್ತಣ ಗ್ರಾಮಗಳಲ್ಲಿಯೂ ಉಳಿದಿರುವ ತೊಟ್ಟಿಮನೆಗಳ ತಂಪಿಗೆ ಕಾರಣ ಸರಳವಾದುದು. ದಪ್ಪನೆಯ ಮಣ್ಣಿನ ಗೋಡೆ ಹೀರಿದ ಬಿಸಿ ಒಳಮೈಯನ್ನು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಕಾದ ಗಾಳಿ ಹಗುರಾಗಿ ತೊಟ್ಟಿಯ ಬಾಯಿಂದ ಮೇಲೇರಿದರೆ, ಇರುಳಿನ ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಜಗಲಿಗಳಲ್ಲಿ ನೆಲೆಗೊಳ್ಳುತ್ತದೆ. ಆದರೆ ಆರೈಕೆಯಿಲ್ಲದೆ ಯಾವ ಮನೆಯೂ ತಂಪಾಗಿ ಉಳಿಯಲಾರದು. ಮುಂಗಾರಿಗೆ ಮುನ್ನ ಆಳುಗಳು ಏಣಿ ಹಾಕಿ ಮಾಡು ಹತ್ತಿ, ಹೆಂಚುಗಳನ್ನು ಸಾಲುಸಾಲಾಗಿ ಎತ್ತಿ, ಸಿಕ್ಕಿಕೊಂಡ ತರಗೆಲೆಗಳನ್ನು ಗುಡಿಸಿ, ಸೀಳಿದುದನ್ನು ತೆಗೆದು, ಗೆದ್ದಲು ಹಿಡಿದ ರೀಪನ್ನು ಬದಲಿಸಿ, ಮತ್ತೆ ಒಂದರ ಮೇಲೊಂದನ್ನು ಹೊಂದಿಸುತ್ತಿದ್ದರು. ಹೀಗೆ ಕೈಯಾಡಿಸದೆ ಬಿಟ್ಟರೆ, ಸರಿದ ಒಂದು ಹೆಂಚಿನ ಸಂದಿನಿಂದ ಇಳಿದ ನೀರು ಅಟ್ಟವನ್ನು ನೆನೆಸಿ, ಮಣ್ಣಿನ ಗೋಡೆಯ ನೆತ್ತಿಯನ್ನೇ ಕರಗಿಸಿಬಿಡುವುದು.

ಬಚ್ಚಲುಮನೆಯ ತಾಮ್ರದ ಹಂಡೆಗೂ ಅದರದೇ ದಿನವುಂಟು. ತಳಕ್ಕೆ ಹತ್ತಿದ ಮಸಿಯೂ, ಗಡಸು ನೀರು ಒಳಗೆ ಕಟ್ಟಿದ ಸುಣ್ಣದ ಪೊರೆಯೂ ಉರಿಗೂ ನೀರಿಗೂ ನಡುವೆ ತಡೆಯಾಗಿ ನಿಂತು, ಎಷ್ಟು ತೆಂಗಿನ ಗರಿ ಉರಿಸಿದರೂ ನೀರು ಬೇಗನೆ ಕಾಯದು. ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬದಂದು, ಒಲೆಯ ಬೂದಿ ತೆಗೆದು, ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆದು, ಹೊಸನೀರು ತುಂಬಿ ಪೂಜಿಸುವ ನಮ್ಮ ಆಚಾರವು, ಭಕ್ತಿಯೊಡನೆ ಉಪಕರಣದ ಪಾಲನೆಯನ್ನೂ ಬೆಸೆದಿರುವ ವಿವೇಕವೆಂದೇ ನನ್ನ ನಂಬಿಕೆ.

ಈಗ ಹಂಡೆಯ ಸ್ಥಾನದಲ್ಲಿ ಸೋಲಾರ್ ಹೀಟರು, ತೊಟ್ಟಿಯ ಸ್ಥಾನದಲ್ಲಿ ಎ.ಸಿ. ಬಂದಿವೆ. ಸೋಲಾರಿನ ಕೊಳವೆಯಲ್ಲಿ ಕಾದ ನೀರು ಹಗುರಾಗಿ ಮೇಲಣ ಟ್ಯಾಂಕಿಗೆ ಏರುವುದೂ ತೊಟ್ಟಿಯ ಗಾಳಿಯ ನಿಯಮದಿಂದಲೇ. ಗಾಜಿನ ಕೊಳವೆಗಳ ಧೂಳನ್ನು ಬಿಸಿಲೇರುವ ಮುನ್ನವೇ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ತಗುಲಿದರೆ ಅದು ಸೀಳಬಹುದು. ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳಿದ್ದರೆ, ಅದು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ. ಪೂರ್ತಿ ಸವೆಯುವ ಮೊದಲೇ ಅದನ್ನು ಬದಲಿಸಬೇಕು. ಎ.ಸಿ.ಯ ಜಾಲರಿಯಲ್ಲಿ ಧೂಳು ಕಟ್ಟಿದರೆ ಗಾಳಿಯ ಹರಿವು ಕುಗ್ಗಿ, ತಂಪು ಇಳಿದು ವಿದ್ಯುತ್ತಿನ ವ್ಯಯ ಏರುತ್ತದೆ. 2020ರ ಜನವರಿಯಿಂದ ನಮ್ಮ ದೇಶದ ಎ.ಸಿ.ಗಳಿಗೆ 24 ಡಿಗ್ರಿಯನ್ನು ಆರಂಭದ ಉಷ್ಣತೆಯಾಗಿ ಗೊತ್ತುಪಡಿಸಿರುವುದೂ ಈ ಮಿತವ್ಯಯಕ್ಕಾಗಿಯೇ.

ಹಳೆಯ ಮನೆಯ ಪ್ರತಿಯೊಂದು ಅಂಗಕ್ಕೂ ಪಂಚಾಂಗದಲ್ಲಿ ಒಂದು ದಿನ ಗೊತ್ತಿದ್ದಿತು. ಹೊಸ ಯಂತ್ರಗಳು ಅಂತಹ ದಿನವಿಲ್ಲದೆ ಮನೆಹೊಕ್ಕಿರುವುದರಿಂದಲೇ, ಕೆಟ್ಟುನಿಂತಾಗ ಮಾತ್ರ ನಮ್ಮ ನೆನಪಿಗೆ ಬರುತ್ತವೆ. ಜಾತ್ರೆಗೆ ಸುಣ್ಣ ಬಳಿಯುವಾಗ ಎ.ಸಿ.ಯ ಜಾಲರಿಯನ್ನೂ, ನೀರು ತುಂಬುವ ಹಬ್ಬದಂದು ಸೋಲಾರಿನ ಕೊಳವೆಗಳನ್ನೂ ತೊಳೆಯುವ ರೂಢಿಯನ್ನು ನಾವು ಹಾಕಿಕೊಳ್ಳುವುದಾದರೆ, ಹಿರಿಯರ ಕ್ರಮವು ನಮ್ಮ ಕಾಲಕ್ಕೂ ಸಲ್ಲುವುದು.